ಮೊಲೆ ಹಿಡಿಯದ ಕೂಸುಗಳೂ ಎಣ್ಣೆ ತಿಕ್ಕುವ ಕೈಗಳೂ

ಕೊಲ್ಲಾಪುರದ ಮಹಾಲಕ್ಷ್ಮಿಯ ದರ್ಶನಕ್ಕೆಂದು ನಮ್ಮ ಕಡೆಯಿಂದ ಹೋಗಿಬರುವ ಕುಟುಂಬಗಳು ಕಡಿಮೆಯಲ್ಲ. ದರ್ಶನವಾಯಿತು, ಪ್ರಸಾದ ಸಿಕ್ಕಿತು, ಒಂದು ಜತೆ ಕೊಲ್ಲಾಪುರದ ಚಪ್ಪಲಿಯೂ ಆಯಿತು ಎಂದರೆ ಬಹುಮಂದಿ ಅದೇ ರಾತ್ರಿಯ ಗಾಡಿಗೆ ಮರಳಿಬಿಡುತ್ತಾರೆ. ನಾವು ಈ ಬಾರಿ ಹಾಗೆ ಮಾಡದೆ, ಅಲ್ಲಿಂದ ಒಂದು ತಾಸಿನ ದಾರಿಯಾದ ಇಚಲಕರಂಜಿಯಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ಎರಡು ದಿವಸ ತಂಗಿದೆವು. ವಿದ್ಯುತ್ ಮಗ್ಗಗಳ ಸದ್ದು ಹಗಲೂ ರಾತ್ರಿಯೂ ನಿಲ್ಲದ ಊರು ಅದು. ಆ ಸದ್ದಿನ ನಡುವೆ ಓಣಿಗಳಲ್ಲಿ ಕನ್ನಡ ಕೇಳಿಬರುತ್ತದೆ. ನೇಯ್ಗೆಯ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡದ ಮನೆಗಳು, ಗಡಿಯಾಚೆಯಿಂದ ಸೊಸೆಯಂದಿರಾಗಿ ಬಂದ ಕನ್ನಡದ ಹೆಣ್ಣುಮಕ್ಕಳು ಅಲ್ಲಿ ಬಹಳ. ರಸ್ತೆಯ ಬೋರ್ಡು ಮರಾಠಿ, ಅಡುಗೆಮನೆ ಕನ್ನಡ. ಈ ಸ್ಥಿತಿ ಹೇಗಿರುತ್ತದೆಂದು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ನಾವು ತಂಗಿದ್ದ ಮನೆಯಲ್ಲಿ ಹತ್ತೊಂಬತ್ತು ದಿವಸದ ಗಂಡುಕೂಸು. ತಾಯಿ ಸಂಕೇಶ್ವರದ ಕಡೆಯ ಹುಡುಗಿ. ಹೆರಿಗೆಯಾದದ್ದು ಗಡಹಿಂಗ್ಲಜದಲ್ಲಿ. ತವರಿಗೆ ಅದೇ ಹತ್ತಿರದ ದೊಡ್ಡ ಊರು. ಚೊಚ್ಚಲ ಬಾಣಂತನವೆಂದರೆ ಮೂರು ತಿಂಗಳಾದರೂ ತವರಿನಲ್ಲಿ ಇರಬೇಕಾದವಳನ್ನು ಇಷ್ಟು ಬೇಗ ಏಕೆ ಕರೆತಂದಿರಿ ಎಂದು ನಾವು ಕೇಳಿದೆವು. ಮನೆಯ ಹಿರಿಯಾಕೆ ಹೇಳಿದರು: “ಕೂಸು ಮಲಿ ಹಿಡೀವಲ್ದ್ರೀ. ಹಿಡದ್ರೂ ಜಾರಿಬಿಡ್ತದ. ಅತ್ತು ಅತ್ತು ಸಾಕಾಗಿ ಮಲಗ್ತದ. ಇಲ್ಲೆ ದೊಡ್ಡ ಡಾಕ್ಟರಿಗೆ ತೋರಸೂಣು ಅಂತ ಕರಕೊಂಡ ಬಂದೀವಿ.”

ತೋರಿಸಿದ್ದರು. ಒಂದಲ್ಲ, ಮೂರು ಕಡೆ ತೋರಿಸಿದ್ದರು. ಒಬ್ಬರು ತಾಯಿಗೆ ಹಾಲಿಲ್ಲವೆಂದು ಡಬ್ಬಿಯ ಪುಡಿ ಬರೆದುಕೊಟ್ಟಿದ್ದರು. ಇನ್ನೊಂದು ಖಾಸಗಿ ಚಿಕಿತ್ಸಾಲಯದಲ್ಲಿ, ಕೂಸಿನ ನಾಲಿಗೆ ಕಟ್ಟಿದೆ, ಲೇಸರಿನಿಂದ ಬಿಡಿಸಬೇಕು, ಆ ಮೊದಲೂ ಆಮೇಲೂ ಕೂಸಿನ ತಲೆ, ಕತ್ತು, ದವಡೆಗಳಿಗೆ ಮೃದುವಾದ ಕೈಚಿಕಿತ್ಸೆ ಇಷ್ಟು ಸಲ ಆಗಬೇಕು, ಎಲ್ಲಕ್ಕೂ ಸೇರಿ ಹಣ ಮೊದಲೇ ಕಟ್ಟಬೇಕು ಎಂದಿದ್ದರು. ಕೂಸಿನ ತಂದೆ ಪಾಳಿಯ ಮೇಲೆ ಮಗ್ಗ ನಡೆಸುವಾತ. ಹೇಳಿದ ಮೊತ್ತ ಅವನ ಎರಡು ತಿಂಗಳ ಗಳಿಕೆಗಿಂತ ಹೆಚ್ಚು. ಮೂರನೆಯ ಸಲಹೆ ಮನೆಯಲ್ಲಿಯೇ ಇತ್ತು. ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ಎರೆಯಲು ಬರುವ ವೃದ್ಧೆ, “ಡಾಕ್ಟರು ಯಾಕ ಬೇಕು, ಎಂಟು ದಿನದಾಗ ನಾನ ಸಡಲ ಮಾಡ್ತೀನಿ” ಎಂದು ಧೈರ್ಯ ಹೇಳಿದ್ದಳು.

ಇವರಲ್ಲಿ ಯಾರ ಮಾತು ನಿಜ? ಈ ಪ್ರಶ್ನೆ ಆ ಒಂದು ಮನೆಯದಲ್ಲ. ಮಂಗಳೂರಿನಲ್ಲಿಯೂ ಕಾಸರಗೋಡಿನಲ್ಲಿಯೂ ಇಂದು ಹೊಸ ತಂದೆತಾಯಿಗಳು ತಮ್ಮ ಫೋನಿನ ತೆರೆಯಲ್ಲಿ ಇದನ್ನೇ ಹುಡುಕುತ್ತಾರೆ. ನಾವು ವೈದ್ಯರಲ್ಲ. ಆದರೆ ಬಲ್ಲವರನ್ನು ಕೇಳಿ, ಓದಿ, ತಿಳಿದುಕೊಂಡದ್ದನ್ನು ಓದುಗರ ಮುಂದಿಡುವುದು ಪತ್ರಿಕೆಯ ಕೆಲಸ.

ಮೊದಲು ಈ ‘ಕಟ್ಟು’ ಎಂದರೇನು ಎಂಬುದನ್ನು ನೋಡೋಣ. ನಾಲಿಗೆಯನ್ನು ಮೇಲಕ್ಕೆತ್ತಿ ಕನ್ನಡಿಯಲ್ಲಿ ನೋಡಿಕೊಂಡರೆ ಅದರ ಅಡಿಯಿಂದ ಬಾಯಿಯ ತಳಕ್ಕೆ ಇಳಿದಿರುವ ತೆಳುವಾದ ಪೊರೆಯೊಂದು ಕಾಣುತ್ತದೆ. ಎಲ್ಲರಿಗೂ ಅದು ಇದ್ದೇ ಇದೆ. ಕೆಲವು ಶಿಶುಗಳಲ್ಲಿ ಅದು ಗಿಡ್ಡವಾಗಿಯೋ ದಪ್ಪವಾಗಿಯೋ ನಾಲಿಗೆಯ ತುದಿಯ ತನಕ ಅಂಟಿಕೊಂಡೋ ಇದ್ದು ನಾಲಿಗೆಯ ಚಲನೆಯನ್ನು ಹಿಡಿದುಬಿಡುತ್ತದೆ. ಅಂಥ ಕೂಸು ಅಳುವಾಗ ನಾಲಿಗೆಯ ತುದಿ ನಡುವೆ ಕಚ್ಚು ಬಿದ್ದು ಅರಳಿಯ ಎಲೆಯನ್ನು ತಿರುವಿಟ್ಟಂತೆ ಕಾಣುವುದುಂಟು. ನೂರು ಶಿಶುಗಳಲ್ಲಿ ನಾಲ್ಕಕ್ಕೋ ಹತ್ತಕ್ಕೋ ಇದು ಇರುತ್ತದೆಂದು ಹೇಳುತ್ತಾರೆ. ಅಳೆಯುವವರ ಅಳತೆಯಂತೆ ಸಂಖ್ಯೆಯೂ ಬದಲಾಗುತ್ತದೆ. ಹೆಣ್ಣುಕೂಸುಗಳಿಗಿಂತ ಗಂಡುಕೂಸುಗಳಲ್ಲಿ ಹೆಚ್ಚು. ಮುಖ್ಯವಾದ ಮಾತೆಂದರೆ, ಪೊರೆ ಇದ್ದ ಮಾತ್ರಕ್ಕೆ ತೊಂದರೆ ಇದೆಯೆಂದು ಅರ್ಥವಲ್ಲ. ಕಟ್ಟು ಇದ್ದೂ ಸುಖವಾಗಿ ಹಾಲು ಕುಡಿದು ಬೆಳೆಯುವ ಕೂಸುಗಳು ಎಷ್ಟೋ ಇವೆ.

ಕೂಸು ಹಾಲು ಕುಡಿಯುವುದು ನಾವು ಭಾವಿಸುವಷ್ಟು ಸರಳವಾದ ಕೆಲಸವಲ್ಲ. ಬಾಯಿ ಅಗಲವಾಗಿ ತೆರೆಯಬೇಕು. ನಾಲಿಗೆ ಕೆಳಗಿನ ವಸಡನ್ನು ದಾಟಿ ಮುಂದೆ ಬಂದು ಮೊಲೆತೊಟ್ಟನ್ನೂ ಅದರ ಸುತ್ತಣ ಕಪ್ಪುಭಾಗವನ್ನೂ ದೊನ್ನೆಯಂತೆ ಹಿಡಿಯಬೇಕು. ಆಮೇಲೆ ನಾಲಿಗೆಯ ಹಿಂಭಾಗ ಕೆಳಗಿಳಿದಾಗ ಬಾಯಿಯೊಳಗೆ ನಿರ್ವಾತ ಉಂಟಾಗಿ ಹಾಲು ಹರಿಯುತ್ತದೆ. ನಾಲಿಗೆ ಮುಂದೆ ಬರಲಾರದೆ ಹೋದರೆ ಕೂಸು ತೊಟ್ಟನ್ನು ಮಾತ್ರ ವಸಡಿನಿಂದ ಕಚ್ಚುತ್ತದೆ. ತಾಯಿಗೆ ಪ್ರಾಣ ಹೋಗುವ ನೋವು, ತೊಟ್ಟು ಒಡೆದು ರಕ್ತ. ಕೂಸಿನ ಬಾಯಿಂದ ಲೊಟ್ಟೆ ಹೊಡೆದಂಥ ಸದ್ದು, ಗಾಳಿ ನುಂಗಿ ಹೊಟ್ಟೆ ಉಬ್ಬರ. ಒಂದೊಂದು ಸಲ ಒಂದು ತಾಸು ಕುಡಿದರೂ ಹೊಟ್ಟೆ ತುಂಬದು. ಮೊಲೆ ಸರಿಯಾಗಿ ಬರಿದಾಗದಿದ್ದರೆ ಮುಂದಿನ ಹಾಲೂ ಕಡಿಮೆ ಬರುತ್ತದೆ. ಇದು ದೇಹದ ನಿಯಮ. ಆಗ ‘ನಿನಗೆ ಹಾಲಿಲ್ಲ’ ಎಂಬ ತೀರ್ಪು ತಾಯಿಯ ತಲೆಯ ಮೇಲೆ ಬೀಳುತ್ತದೆ. ಹಾಲು ಇಲ್ಲದೆ ಕೂಸು ಕುಡಿಯಲಿಲ್ಲವೋ, ಕೂಸು ಕುಡಿಯದೆ ಹಾಲು ನಿಂತಿತೋ ಎಂದು ವಿಚಾರಿಸುವವರು ಕಡಿಮೆ.

ಆದರೆ ಇದೇ ಲಕ್ಷಣಗಳು ಬೇರೆ ಹತ್ತು ಕಾರಣಗಳಿಂದಲೂ ಬರಬಹುದು ಎಂಬಲ್ಲಿಯೇ ಎಲ್ಲ ತೊಡಕೂ ಇರುವುದು. ತಿಂಗಳು ತುಂಬದೆ ಹುಟ್ಟಿದ ಕೂಸು, ಕಾಮಾಲೆಯಿಂದ ಮಂಕಾಗಿ ಸದಾ ನಿದ್ರೆಯಲ್ಲಿರುವ ಕೂಸು, ಅಂಗುಳ ಸೀಳಿದ ಕೂಸು, ಗರ್ಭದಲ್ಲಿ ಮಲಗಿದ ಭಂಗಿಯಿಂದಲೋ ಹೆರಿಗೆಯ ಎಳೆತದಿಂದಲೋ ಕತ್ತು ಒಂದೇ ಕಡೆಗೆ ಬಿಗಿದಿರುವ ಕೂಸು, ಒಳಕ್ಕೆ ಸರಿದ ತೊಟ್ಟಿನ ತಾಯಿ, ಶಸ್ತ್ರಕ್ರಿಯೆಯ ಹೆರಿಗೆಯಾಗಿ ಮೊದಲ ದಿವಸ ಕೂಸನ್ನು ಹತ್ತಿರ ತೆಗೆದುಕೊಳ್ಳಲಾಗದ ತಾಯಿ, ಹೀಗೆ. ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ ಇನ್ನೂ ಸಾದಾ: ಕೂಸನ್ನು ಹಿಡಿಯುವ ರೀತಿ ಸರಿಯಿಲ್ಲ. ಇವೆಲ್ಲವನ್ನೂ ಬಿಟ್ಟು ನೇರವಾಗಿ ನಾಲಿಗೆಗೇ ಕೈ ಹಾಕಿದರೆ, ಬಾವಿಯಲ್ಲಿ ನೀರಿಲ್ಲದಿರಲು ರಾಟೆಯನ್ನು ಬದಲಿಸಿದಂತೆ ಆಗಬಹುದು.

ಇನ್ನು ಆ ಕೈಚಿಕಿತ್ಸೆಯ ವಿಚಾರ. ಆಸ್ಟಿಯೋಪತಿ, ಕ್ರೇನಿಯೋಸೇಕ್ರಲ್ ಎಂಬ ಹೆಸರುಗಳಲ್ಲಿ ಇದು ಬಂದಿದೆ. ಅಮೆರಿಕದ ವಿಲಿಯಂ ಸದರ್ಲೆಂಡ್ ಎಂಬವರು 1930ರ ದಶಕದಲ್ಲಿ, ತಲೆಬುರುಡೆಯ ಎಲುಬುಗಳು ಸೂಕ್ಷ್ಮವಾಗಿ ಚಲಿಸುತ್ತವೆ, ಕೈಯ ಸ್ಪರ್ಶದಿಂದ ಅದನ್ನು ಸರಿಪಡಿಸಬಹುದು ಎಂದು ಪ್ರತಿಪಾದಿಸಿದರು. 1970ರ ದಶಕದಲ್ಲಿ ಜಾನ್ ಅಪ್ಲೆಜರ್ ಅದನ್ನು ಮುಂದುವರಿಸಿ ಹೊಸ ಹೆಸರು ಕೊಟ್ಟರು. ಆ ಚಲನೆಯ ಲಯವನ್ನು ಇಬ್ಬರು ಪರೀಕ್ಷಕರು ಒಂದೇ ರೀತಿಯಾಗಿ ಗುರುತಿಸಲು ಆಗಲಿಲ್ಲವೆಂಬುದು ಈ ವಿದ್ಯೆಯ ಮೇಲಿರುವ ಹಳೆಯ ಆಕ್ಷೇಪ. ಹಾಗೆಂದು ಕೈ ಹಾಕಿದ್ದೆಲ್ಲ ನಿಷ್ಪ್ರಯೋಜಕವೆಂದು ತಳ್ಳಿಹಾಕಲೂ ಬಾರದು. ಕೆನಡಾದಲ್ಲಿ 97 ತಾಯಿ–ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಾಲೂಡಿಸುವ ಸಲಹೆಯ ಜೊತೆಗೆ ಆಸ್ಟಿಯೋಪತಿಯನ್ನೂ ಪಡೆದ ಕೂಸುಗಳ ಹಿಡಿತ ಸ್ವಲ್ಪ ಸುಧಾರಿಸಿತೆಂದು ಕಂಡಿತು. ಫ್ರಾನ್ಸಿನಲ್ಲಿ 128 ಜೋಡಿಗಳ ಮೇಲೆ ನಡೆದು 2021ರಲ್ಲಿ ಬಂದ ಪರೀಕ್ಷೆಯಲ್ಲಾದರೋ, ನಿಜವಾದ ಚಿಕಿತ್ಸೆ ಪಡೆದವರಿಗೂ ಬರಿಯ ನಟನೆಯ ಚಿಕಿತ್ಸೆ ಪಡೆದವರಿಗೂ ಒಂದು ತಿಂಗಳ ಬಳಿಕ ವ್ಯತ್ಯಾಸವೇ ಕಾಣಲಿಲ್ಲ. ಒಂದು ಹೌದು, ಒಂದು ಅಲ್ಲ. ಇಷ್ಟು ಸಣ್ಣ ಆಧಾರವನ್ನು ನಂಬಿ ಮಗ್ಗದ ಕೂಲಿಕಾರನಿಂದ ಎರಡು ತಿಂಗಳ ಸಂಬಳವನ್ನು ಮುಂಗಡವಾಗಿ ಕೇಳುವುದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಕತ್ತು ನಿಜವಾಗಿ ಬಿಗಿದಿರುವ ಕೂಸಿನ ಮಾತು ಬೇರೆ. ಅದಕ್ಕೆ ಫಿಸಿಯೋಥೆರಪಿಯವರು ಮಾಡಿಸುವ ಮೃದು ವ್ಯಾಯಾಮಗಳು ನೆಲೆಗೊಂಡ ಚಿಕಿತ್ಸೆ. ಬಹಳಷ್ಟು ಮನೆಯಲ್ಲಿಯೇ ತಾಯಿ ಮಾಡತಕ್ಕವು. ಅಂಥವರನ್ನು ನೋಂದಾಯಿಸಿ ನಿಯಂತ್ರಿಸಲು 2021ರಲ್ಲಿ ಕೇಂದ್ರ ಸರಕಾರದ ಕಾನೂನೂ ಬಂದಿದೆ. ಕೂಸಿನ ಕತ್ತಿಗೆ ಕೈ ಹಾಕುವವರನ್ನು ‘ನೀವು ಏನು ಕಲಿತಿದ್ದೀರಿ, ಎಲ್ಲಿ ನೋಂದಾಯಿಸಿದ್ದೀರಿ’ ಎಂದು ಕೇಳುವ ಹಕ್ಕು ತಂದೆತಾಯಿಗೆ ಇದೆ. ಕೇಳಿದರೆ ಅವಮಾನವೆಂದು ತಿಳಿಯುವವರಲ್ಲಿ ಕೂಸನ್ನು ಕೊಡದಿರುವುದೇ ಲೇಸು.

ಇಲ್ಲೊಂದು ವಿನೋದವೂ ಇದೆ. ಹೊರದೇಶದಿಂದ ಇಷ್ಟೆಲ್ಲ ಹೆಸರು ಹೊತ್ತುಕೊಂಡು ಬರುವ ಕೈ, ಒಂದು ಕಾಲದಲ್ಲಿ ಇಲ್ಲಿಂದಲೇ ಹೋದದ್ದು. ಫ್ರೆಂಚ್ ಪ್ರಸೂತಿ ವೈದ್ಯ ಫ್ರೆಡರಿಕ್ ಲೆಬೊಯೆ ಕಲಕತ್ತೆಯ ಬೀದಿಯಲ್ಲಿ, ಕಾಲು ಚಾಚಿ ಕುಳಿತು ತನ್ನ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದ ತಾಯಿಯೊಬ್ಬಳನ್ನು ನೋಡಿ ಬೆರಗಾದರು. ಅವಳ ಹೆಸರಿನಲ್ಲಿಯೇ ಪುಸ್ತಕ ಬರೆದು 1976ರಲ್ಲಿ ಪ್ರಕಟಿಸಿದರು. ಆಕೆಯ ಹೆಸರು ಶಾಂತಲಾ. ಕನ್ನಡಿಗರಿಗೆ ಶಾಂತಲೆ ಎಂದರೆ ಬೇಲೂರು ನೆನಪಾಗುತ್ತದೆ. ಐರೋಪ್ಯ ತಾಯಂದಿರಿಗೆ ಅದು ಶಿಶುಮರ್ದನದ ಹೆಸರಾಯಿತು. ನಮ್ಮ ಅಜ್ಜಿಯಂದಿರು ಬಚ್ಚಲಿನ ಬಿಸಿಯಲ್ಲಿ, ಹಂಡೆಯ ಪಕ್ಕದಲ್ಲಿ ಕುಳಿತು ಕಾಸಿಲ್ಲದೆ ಮಾಡುತ್ತಿದ್ದುದು ಸಮುದ್ರ ದಾಟಿ ಹೋಗಿ ಪ್ರಮಾಣಪತ್ರ ಪಡೆದು ಶುಲ್ಕ ಸಮೇತ ಹಿಂತಿರುಗಿದೆ.

ಎಣ್ಣೆಯ ಕೈಗೆ ಬೆಲೆ ಇಲ್ಲದೆ ಇಲ್ಲ. ಅಮೆರಿಕದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ಮೃದುವಾಗಿ ಸವರಿಸಿಕೊಂಡ, ತಿಂಗಳು ತುಂಬದೆ ಹುಟ್ಟಿದ ಶಿಶುಗಳು ಉಳಿದವುಗಳಿಗಿಂತ ದಿನವೊಂದಕ್ಕೆ ಶೇ. 47ರಷ್ಟು ಹೆಚ್ಚು ತೂಕ ಪಡೆದವು. ಮುಂಬಯಿಯ ವೈದ್ಯರು 2005ರಲ್ಲಿ, ಅಂಥ ಶಿಶುಗಳಿಗೆ ತೆಂಗಿನೆಣ್ಣೆಯ ಮರ್ದನದಿಂದ ತೂಕ ಹೆಚ್ಚು ಬರುತ್ತದೆಂದು ತೋರಿಸಿದರು. ತೆಂಗಿನ ನಾಡಿನವರಾದ ನಾವು ಇದನ್ನು ಓದಿ ಸ್ವಲ್ಪ ಬೀಗಿದರೆ ತಪ್ಪಲ್ಲ. ಮಿಂದು ಮೈ ಸಡಿಲಾಗಿ ಶಾಂತವಾದ ಕೂಸು ಬಾಯಿ ಚೆನ್ನಾಗಿ ತೆರೆಯುತ್ತದೆ ಎಂಬುದನ್ನು ಮಕ್ಕಳನ್ನು ಸಾಕಿದವರೆಲ್ಲ ಬಲ್ಲರು.

ಆದರೆ ಆ ಕೈಗಳಲ್ಲಿಯೇ ಅಪಾಯವೂ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಇಚಲಕರಂಜಿಯ ಆ ಮನೆಯಲ್ಲಿ ಬೆಳಿಗ್ಗೆ ಎರೆಯುವುದನ್ನು ನಮ್ಮ ಮನೆಯಾಕೆ ಒಳಗೆ ಕುಳಿತು ನೋಡಿದರು. ಕೈಕಾಲುಗಳಿಗೆ, ಬೆನ್ನಿಗೆ ಎಣ್ಣೆ ಹಚ್ಚುವ ತನಕ ನೋಡಲು ಹಿತವಾಗಿಯೇ ಇತ್ತು. ಆಮೇಲೆ ಅಂಗೈತುಂಬ ಎಣ್ಣೆ ನೆತ್ತಿಗೆ ಒತ್ತಿ ‘ತುಂಬಿಸಿದ್ದು’, ಮೂಗು ನೆಟ್ಟಗಾಗಲೆಂದು ಹಿಂಡಿದ್ದು, ಕಿವಿ ಮೂಗಿಗೆ ಎಣ್ಣೆ ಬಿಟ್ಟದ್ದು, ಗಂಟಲ ಕಫ ತೆಗೆಯುತ್ತೇನೆಂದು ಬೆರಳು ಹಾಕಿದ್ದು, ಕಡೆಗೆ ಎರಡು ಪಾದ ಹಿಡಿದು ತಲೆಕೆಳಗಾಗಿ ತೂಗಿದ್ದು. ನೆತ್ತಿಯಲ್ಲಿ ಎಲುಬು ಇನ್ನೂ ಕೂಡಿಕೊಂಡಿರುವುದಿಲ್ಲ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಎಳೆಯ ಕೂಸಿನ ಎದೆಯಲ್ಲಿ ತಾಯಿಯ ರಸಗಳ ಪ್ರಭಾವದಿಂದ ಕಾಣುವ ಹಾಲನ್ನು ಹಿಂಡಿ ತೆಗೆಯುವ ಪದ್ಧತಿ ಅಲ್ಲಿಯೂ ಇದೆ, ನಮ್ಮಲ್ಲಿಯೂ ಇತ್ತು. ಅದರಿಂದ ಕೀವು ತುಂಬಿ ಶಸ್ತ್ರಕ್ರಿಯೆ ಮಾಡಬೇಕಾಗಿ ಬಂದ ಉದಾಹರಣೆಗಳನ್ನು ಮಕ್ಕಳ ವೈದ್ಯರು ಹೇಳುತ್ತಾರೆ. ಹೊಟ್ಟೆ ಉಬ್ಬಿದ ಕೂಸಿಗೆ ಚುಟಿಗೆ ಹಾಕುವ ಕ್ರೌರ್ಯವಂತೂ ಇನ್ನೂ ಕೆಲವು ಕಡೆ ಉಳಿದಿರುವುದು ನಾಚಿಕೆಗೇಡು.

ಮತ್ತೆ ನೆಕ್ಕಿಸುವ ಪದಾರ್ಥಗಳು. ಅಲ್ಲಿ ‘ಬಾಳಗುಟಿ’ ಎಂದು ಬೇರುಕಾಯಿಗಳನ್ನು ಸಾಣೆಕಲ್ಲಿನ ಮೇಲೆ ತೇಯ್ದು ನಿತ್ಯ ಕೊಡುತ್ತಾರೆ. ಅದರಲ್ಲಿ ವೇಖಂಡವೂ ಒಂದು. ನಮ್ಮ ಬಜೆಯೇ ಅದು, ಮಲಯಾಳದ ನೆರೆಯವರ ವಯಂಬು. ನಾಲಿಗೆ ಹೊರಳಲಿ, ಮಾತು ಸ್ಪಷ್ಟವಾಗಲಿ ಎಂದು ಚಿನ್ನದ ಜೊತೆ ತೇಯ್ದು ನೆಕ್ಕಿಸುವುದು ಮೂರು ಭಾಷೆಯವರಲ್ಲಿಯೂ ಇರುವ ಆಚಾರ. ಭಾಷೆಗಾಗಿ ಎಷ್ಟು ಜಗಳವಾಡಿದರೂ ಕೂಸಿನ ನಾಲಿಗೆಯ ವಿಷಯದಲ್ಲಿ ಎಲ್ಲರ ನಂಬಿಕೆ ಒಂದೇ! ಬಜೆಯಿಂದ ಕಟ್ಟು ಬಿಚ್ಚುವುದಿಲ್ಲ. ಜೇನು ನೆಕ್ಕಿಸುವುದಂತೂ ವರ್ಷ ತುಂಬುವ ತನಕ ಅಪಾಯ. ಅದರಲ್ಲಿ ಅಡಗಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿ ಎಳೆಯ ಕೂಸಿನ ಸ್ನಾಯುಗಳನ್ನು ಸೋಲಿಸಿ, ಹೀರುವ ಶಕ್ತಿಯನ್ನೇ ಕಳೆದುಬಿಡಬಲ್ಲದು. ಆರು ತಿಂಗಳ ತನಕ ತಾಯಿಯ ಹಾಲಲ್ಲದೆ ನೀರೂ ಬೇಡವೆಂಬುದು ಜಗತ್ತಿನ ವೈದ್ಯರ ಒಮ್ಮತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಹುಟ್ಟಿದ ಒಂದು ತಾಸಿನೊಳಗೆ ತಾಯಿಯ ಹಾಲು ಕಂಡ ಮಕ್ಕಳು ಶೇ. 41.8 ಮಾತ್ರ. ಹೆರಿಗೆಗಳೆಲ್ಲ ಬಹುಪಾಲು ಆಸ್ಪತ್ರೆಯಲ್ಲಿಯೇ ಆಗುತ್ತಿರುವ ಈ ಕಾಲದಲ್ಲಿ ಈ ಸಂಖ್ಯೆಗೆ ಅಜ್ಜಿಯರನ್ನು ಮಾತ್ರ ದೂರಿ ಫಲವಿಲ್ಲ.

ಕತ್ತರಿಯ ವಿಚಾರಕ್ಕೆ ಬರೋಣ. ಹಿಂದೆ ಯುರೋಪಿನ ಸೂಲಗಿತ್ತಿಯರು ಒಂದು ಬೆರಳಿನ ಉಗುರನ್ನು ಚೂಪಾಗಿ ಬೆಳೆಸಿಟ್ಟು ಅದರಿಂದಲೇ ಕೂಸಿನ ಪೊರೆ ಹರಿಯುತ್ತಿದ್ದರಂತೆ. ಇಂದು ಬಲ್ಲ ವೈದ್ಯರು ಶುದ್ಧವಾದ ಕತ್ತರಿಯಿಂದ ಕೆಲವು ಕ್ಷಣಗಳಲ್ಲಿ ಬಿಡಿಸುತ್ತಾರೆ. ಒಂದೆರಡು ಹನಿ ರಕ್ತ, ಕೂಡಲೇ ತಾಯಿಯ ಮಡಿಲು. ಇದು ದೊಡ್ಡ ಶಸ್ತ್ರಕ್ರಿಯೆಯಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2005ರಲ್ಲಿಯೇ ಇದರಲ್ಲಿ ಹೆಚ್ಚಿನ ಅಪಾಯವಿಲ್ಲವೆಂದು ಹೇಳಿತ್ತು. ಆದರೆ ಫಲ ಎಷ್ಟು? ಕಾಕ್ರೇನ್ ಸಂಸ್ಥೆ 2017ರಲ್ಲಿ ಐದು ಪರೀಕ್ಷೆಗಳ 302 ಶಿಶುಗಳ ಲೆಕ್ಕವನ್ನು ಒಟ್ಟು ಮಾಡಿ ನೋಡಿತು. ತಾಯಿಯ ನೋವು ಕಡಿಮೆಯಾಗುತ್ತದೆ, ಅದೂ ಸದ್ಯದ ಮಟ್ಟಿಗೆ. ಕೂಸು ಕುಡಿಯುವುದರಲ್ಲಿ ಎಲ್ಲ ಪರೀಕ್ಷೆಗಳಲ್ಲಿಯೂ ಒಂದೇ ರೀತಿಯ ಸುಧಾರಣೆ ಕಾಣಲಿಲ್ಲ ಎಂದಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2024ರ ತನ್ನ ವರದಿಯಲ್ಲಿ ಇನ್ನೂ ಖಚಿತವಾಗಿ ಮಾತಾಡಿದೆ: ಮೊದಲು ಹಾಲೂಡಿಸುವ ಸಹಾಯ, ಅದರಿಂದ ಆಗದಿದ್ದರೆ ಮಾತ್ರ ಕತ್ತರಿ, ಲೇಸರು ಕತ್ತರಿಗಿಂತ ಮೇಲೆಂಬುದಕ್ಕೆ ಆಧಾರವಿಲ್ಲ, ಬಿಡಿಸಿದ ಮೇಲೆ ಗಾಯವನ್ನು ದಿನಾ ಬೆರಳಿನಿಂದ ಎಳೆಯುವ ವ್ಯಾಯಾಮವೂ ಬೇಕಾಗಿಲ್ಲ. ತುಟಿಯ ಕಟ್ಟು, ಕೆನ್ನೆಯ ಕಟ್ಟು ಎಂದು ಹೊಸ ಹೊಸ ಕಟ್ಟುಗಳನ್ನು ಕಂಡುಹಿಡಿದು ಕತ್ತರಿಸುವುದಕ್ಕಂತೂ ತಳಬುಡವಿಲ್ಲ. ಅಮೆರಿಕದಲ್ಲಿ ಇದು ಎಷ್ಟು ದೊಡ್ಡ ವ್ಯಾಪಾರವಾಗಿ ಬೆಳೆದಿದೆಯೆಂಬುದನ್ನು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ 2023ರ ಡಿಸೆಂಬರಿನಲ್ಲಿ ವಿಸ್ತಾರವಾಗಿ ಬರೆದು ಬಯಲಿಗೆಳೆಯಿತು. ಅಲ್ಲಿಯ ಗಾಳಿ ಇಲ್ಲಿಗೆ ಬೀಸಲು ಈಗ ವರ್ಷಗಳು ಬೇಕಾಗಿಲ್ಲ.

‘ಈಗ ಬಿಡಿಸದಿದ್ದರೆ ಮುಂದೆ ಮಾತು ಬಾರದು’ ಎಂಬ ಹೆದರಿಕೆಯನ್ನು ಎಲ್ಲ ಕಡೆಯೂ ಹುಟ್ಟಿಸುತ್ತಾರೆ. ಇಚಲಕರಂಜಿಯ ಮನೆಯವರು ಅತ್ತು ಸಾಲ ತೆಗೆಯಲು ಹೊರಟಿದ್ದೂ ಈ ಒಂದು ಮಾತಿಗಾಗಿಯೇ. ಮಾತು ಕಲಿಯುವುದು ನಾಲಿಗೆಯ ಅಡಿಯ ಪೊರೆಯಿಂದಲ್ಲ. ಕಟ್ಟು ಇರುವ ಮಕ್ಕಳೂ ಮಾತು ಕಲಿಯುತ್ತಾರೆ. ಮುಂದೆ ಕೆಲವು ಅಕ್ಷರಗಳ ಉಚ್ಚಾರದಲ್ಲಿ ತೊಂದರೆ ಕಂಡರೆ ಆಗ ನೋಡಿದರಾಯಿತು. ಮಾತಿನ ಭಯದಿಂದ ಹಸುಗೂಸಿಗೆ ಕತ್ತರಿ ಹಾಕಿಸಲು ವೈದ್ಯಶಾಸ್ತ್ರದ ಬೆಂಬಲವಿಲ್ಲ.

ಹಾಗಾದರೆ ಆ ಕೂಸಿನ ಗತಿ ಏನಾಯಿತೆಂದು ಓದುಗರು ಕೇಳಬಹುದು. ಮೂರನೆಯ ದಿವಸ ಅವರು ಕೊಲ್ಲಾಪುರದ ಸರಕಾರಿ ಆಸ್ಪತ್ರೆಯೊಂದಕ್ಕೆ ಹೋದರು. ನಾವೂ ಊರಿಗೆ ಮರಳುವ ದಾರಿಯಾದ್ದರಿಂದ ಜೊತೆಗೆ ಹೋದೆವು. ಸರತಿಯ ಸಾಲು ಉದ್ದವಿತ್ತು. ಅಲ್ಲಿಯ ದಾದಿಯೊಬ್ಬರು ಮೊದಲು ಮಾಡಿದ ಕೆಲಸ, ಆ ತನಕ ಮೂವರಲ್ಲಿ ಒಬ್ಬರೂ ಮಾಡದ ಕೆಲಸ: ತಾಯಿಯನ್ನು ಪರದೆಯ ಹಿಂದೆ ಕುಳ್ಳಿರಿಸಿ, ಕೂಸು ಹಾಲು ಕುಡಿಯುವುದನ್ನು ಮೊದಲಿನಿಂದ ಕೊನೆಯ ತನಕ ಕಣ್ಣಿಟ್ಟು ನೋಡಿದರು. ಕೂಸು ಬಲಗಡೆಗೆ ಮಾತ್ರ ಕತ್ತು ತಿರುಗಿಸುತ್ತಿತ್ತು. ತಾಯಿ ಮುಂದಕ್ಕೆ ಬಾಗಿ ಮೊಲೆಯನ್ನು ಕೂಸಿನ ಬಾಯಿಗೆ ತುರುಕುತ್ತಿದ್ದಳು. ಅವಳನ್ನು ಹಿಂದಕ್ಕೆ ಒರಗಿಸಿ, ಬಟ್ಟೆ ಸರಿಸಿ ಕೂಸನ್ನು ಅವಳ ಎದೆಯ ಮೇಲೆ ಹೊಟ್ಟೆಗೆ ಹೊಟ್ಟೆ ತಾಗುವಂತೆ ಮಲಗಿಸಿದರು. ಕೂಸು ತಾನೇ ತಲೆಯಾಡಿಸಿ ಹುಡುಕಿಕೊಂಡಿತು. ನಮ್ಮ ಮನೆಯಾಕೆ ಹೇಳುವಂತೆ ಆ ತಾಯಿಯ ಮುಖದ ಗಂಟು ಅರ್ಧ ಅಲ್ಲಿಯೇ ಸಡಿಲಿತು.

ಅರ್ಧ ಮಾತ್ರ. ಜಾರುವುದೂ ಲೊಟ್ಟೆ ಸದ್ದೂ ಪೂರ್ತಿ ನಿಲ್ಲಲಿಲ್ಲ. ಒಂದು ವಾರ ಇದೇ ರೀತಿ ಮಾಡಲು, ಹಿಂಡಿದ ಹಾಲನ್ನು ಬಾಟಲಿಯಲ್ಲಲ್ಲ, ಬೋಂಡ್ಲೆಯಲ್ಲಿ ಕೊಡಲು ಹೇಳಿ ಕಳುಹಿಸಿದರು. ನಾವು ಒಳಲೆ ಎನ್ನುವುದೇ ಅದು. ಹಳೆಯ ಪೆಟ್ಟಿಗೆಗಳಲ್ಲಿ ಹುಡುಕಿದರೆ ನಮ್ಮ ಮನೆಗಳಲ್ಲಿಯೂ ಸಿಕ್ಕೀತು. ತೊಳೆಯಲು ಸುಲಭ, ಬಾಟಲಿಯ ತೊಟ್ಟಿಗೆ ಕೂಸು ಒಗ್ಗಿಹೋಗುವ ಭಯವೂ ಇಲ್ಲ. ಕತ್ತಿನ ವ್ಯಾಯಾಮವನ್ನು ಅಜ್ಜಿಗೇ ಕಲಿಸಿದರು. ವಾರ ಕಳೆದು ಮತ್ತೆ ನೋಡಿದಾಗ ತೂಕ ಸ್ವಲ್ಪ ಏರಿತ್ತು, ತಾಯಿಯ ನೋವು ಹಾಗೆಯೇ ಇತ್ತು. ಆಗ ವೈದ್ಯರು ಮನೆಯಲ್ಲಿ ಯಾರಿಗಾದರೂ ರಕ್ತ ನಿಲ್ಲದ ರೋಗ ಇದೆಯೇ ಎಂದು ವಿಚಾರಿಸಿ, ನಾಲಿಗೆಯ ತುದಿಯ ತನಕ ಇದ್ದ ಪೊರೆಯನ್ನು ಕತ್ತರಿಯಿಂದ ಬಿಡಿಸಿದರು. ಲೇಸರು ಇಲ್ಲ, ಮುಂಗಡವೂ ಇಲ್ಲ. ಇದನ್ನು ನಮಗೆ ಫೋನಿನಲ್ಲಿ ತಿಳಿಸಿದರು.

ಆದ್ದರಿಂದ ಲೇಸರಿನವರು ಕಟ್ಟು ಇದೆಯೆಂದದ್ದು ಸುಳ್ಳಾಗಿರಲಿಲ್ಲ. ಅಜ್ಜಿ ಕೂಸಿನ ಮೈ ಬಿಗಿದಿದೆ ಎಂದದ್ದೂ ಸುಳ್ಳಾಗಿರಲಿಲ್ಲ. ಇಬ್ಬರೂ ಕೂಸನ್ನು ನೋಡಿದರು, ಕೂಸು ಕುಡಿಯುವುದನ್ನು ನೋಡಲಿಲ್ಲ. ಡಬ್ಬಿ ಬರೆದವರು ಕೂಸನ್ನೂ ನೋಡಲಿಲ್ಲವೆಂದು ತೋರುತ್ತದೆ. ಶಿಶು ಆಹಾರದ ಡಬ್ಬಿಗಳ ಜಾಹೀರಾತನ್ನು ತಡೆಯುವ ಕಾನೂನು 1992ರಿಂದಲೇ ಇದೆ. 2003ರಲ್ಲಿ ಅದನ್ನು ಬಿಗಿಗೊಳಿಸಿಯೂ ಆಗಿದೆ. ‘ಹಾಲಿಲ್ಲ’ ಎಂಬ ಮೂರಕ್ಷರದ ಜಾಹೀರಾತನ್ನು ಯಾವ ಕಾನೂನು ತಡೆದೀತು?

ಈಗ ನಮ್ಮನ್ನು ಹೆಚ್ಚು ಕಾಡಿದ ವಿಷಯಕ್ಕೆ ಬರುತ್ತೇವೆ. ಗಡಹಿಂಗ್ಲಜದಲ್ಲಿ ಹೆರಿಗೆಯಾದ ದಿವಸವೇ ದಾದಿಯರು ಆ ಹುಡುಗಿಗೆ ಕೂಸನ್ನು ಹಿಡಿಯುವ ಕ್ರಮವನ್ನು ಹೇಳಿಕೊಟ್ಟಿದ್ದರಂತೆ. ಹೇಳಿದ್ದು ಮರಾಠಿಯಲ್ಲಿ. ಕೈಗೆ ಕೊಟ್ಟ ಚೀಟಿಯೂ ಮರಾಠಿ. ಅವಳಿಗೆ ಮರಾಠಿ ಮಾತು ತಿಳಿಯುತ್ತದೆ, ಸಂತೆಯಲ್ಲಿ ಚೌಕಾಶಿ ಮಾಡುವಷ್ಟು. ಆದರೆ ನೋವಿನಲ್ಲಿ, ನಾಚಿಕೆಯಲ್ಲಿ, ಅಪರಿಚಿತರ ನಡುವೆ ತನ್ನ ಮೈಯ ವಿಚಾರವನ್ನು ಪರಭಾಷೆಯಲ್ಲಿ ಕೇಳಿ, ತಿಳಿಯದ್ದನ್ನು ಮರಳಿ ಕೇಳುವುದು ಎಂದರೆ ಸಂತೆಯ ಮಾತಲ್ಲ. “ಹೂಂ ಅಂದೆ ರೀ” ಎಂದಳು ಅವಳು. ಕಟ್ಟಿದ್ದು ಕೂಸಿನ ನಾಲಿಗೆ ಮಾತ್ರವಾಗಿರಲಿಲ್ಲ. ಕೊಲ್ಲಾಪುರದಲ್ಲಿ ಪರದೆಯ ಹಿಂದೆ ಅವಳೊಡನೆ ಮಾತಾಡಿದ ದಾದಿ ಕನ್ನಡ ಬಲ್ಲವರಾಗಿದ್ದುದು ಕೇವಲ ಅವಳ ಅದೃಷ್ಟ.

ನಮ್ಮ ಹೆಣ್ಣುಮಕ್ಕಳು ಇಲ್ಲಿ ‘ಹೂಂ’ ಅನ್ನುವುದಿಲ್ಲವೇ? ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮನೆಗಳಲ್ಲಿ, ತುಳು ಮನೆಗಳಲ್ಲಿ, ಆಸ್ಪತ್ರೆಯಿಂದ ಬಂದ ಮಲಯಾಳದ ಕಾಗದವನ್ನು ನೆರೆಮನೆಯ ಶಾಲಾ ಹುಡುಗನಿಂದ ಓದಿಸಿಕೊಂಡವರು ಎಷ್ಟಿಲ್ಲ? ಮೊಲೆಯ ಗಾಯದ ವಿಚಾರವನ್ನು ಹನ್ನೆರಡು ವರ್ಷದ ಹುಡುಗನಿಂದ ಓದಿಸಿಕೊಳ್ಳುವುದು ಹೇಗೆ? 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದೆಂದು ಇದೆ. ಅರ್ಜಿಗೆ ಕನ್ನಡದಲ್ಲಿ ಉತ್ತರ ಕೇಳುವ ಹಕ್ಕನ್ನು ನಾವು ಸಭೆಗಳಲ್ಲಿ ಎಷ್ಟೋ ಸಲ ಎತ್ತಿದ್ದೇವೆ, ಎತ್ತಲೂಬೇಕು. ಆದರೆ ಹೆರಿಗೆಯ ವಾರ್ಡಿನ ಮಾತನ್ನು ಎತ್ತಿದ್ದು ಕಡಿಮೆ. ಸಭೆಗಳಲ್ಲಿ ಮಾತಾಡುವವರು ಗಂಡಸರು ಎಂಬುದು ಇದಕ್ಕೆ ಕಾರಣವಿರಬಹುದು. ಈ ಅಂಕಣವೂ ಆ ದೋಷದಿಂದ ಮುಕ್ತವಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ಗಡಹಿಂಗ್ಲಜದಲ್ಲಾಗಲಿ ಕಾಸರಗೋಡಿನಲ್ಲಾಗಲಿ, ಹೆರಿಗೆಯಾಗುವ ಪ್ರತಿ ಸರಕಾರಿ ಆಸ್ಪತ್ರೆಯಲ್ಲಿ ಹಾಲೂಡಿಸುವ ಸಲಹೆ ಕೊಡಲು ತರಬೇತಾದ ಒಬ್ಬ ದಾದಿಯಾದರೂ ಕನ್ನಡ ಬಲ್ಲವರಿರಲಿ. 2016ರಲ್ಲಿ ಕೇಂದ್ರ ಸರಕಾರ ತಾಯಿಹಾಲಿನ ಪ್ರಚಾರಕ್ಕೆಂದು ‘ಮಾ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ವರ್ಷಂಪ್ರತಿ ಆಗಸ್ಟ್ 1ರಿಂದ 7ರ ತನಕ ಸ್ತನ್ಯಪಾನ ಸಪ್ತಾಹದ ಭಾಷಣಗಳೂ ಆಗುತ್ತವೆ. ಆ ಭಾಷಣಗಳ ಖರ್ಚಿನಲ್ಲಿ ಒಂದು ಪುಟದ ಕನ್ನಡ ಚೀಟಿ ಅಚ್ಚಾಗದೇ? ಹುಟ್ಟಿದ ತೂಕಕ್ಕಿಂತ ನೂರಕ್ಕೆ ಹತ್ತರ ತನಕ ಇಳಿಯುವುದುಂಟು, ಎರಡು ವಾರದೊಳಗೆ ಮರಳಿ ಬರಬೇಕು; ಆಮೇಲೆ ದಿನಕ್ಕೆ ಇಪ್ಪತ್ತೈದು ಮೂವತ್ತು ಗ್ರಾಮು ಏರಬೇಕು; ಐದು ದಿವಸ ಕಳೆದ ಕೂಸು ದಿನಕ್ಕೆ ಆರು ಸಲವಾದರೂ ಒದ್ದೆ ಮಾಡಬೇಕು; ಹಾಗಾಗದಿದ್ದರೆ, ಕೂಸು ಎಬ್ಬಿಸಿದರೂ ಏಳದಿದ್ದರೆ ಕಾಯದೆ ಆಸ್ಪತ್ರೆಗೆ ಕರೆತನ್ನಿ. ಇಷ್ಟು ಸಾಲು ಸಾಕು.

ಎಣ್ಣೆ ಹಚ್ಚುವ ಹೆಂಗಸರನ್ನು ದೂರವಿಡುವುದಕ್ಕಿಂತ ಕರೆದು ಕುಳ್ಳಿರಿಸಿ ಕಲಿಸುವುದು ಮೇಲು. ನಲ್ವತ್ತು ದಿವಸ ಬೆಳಿಗ್ಗೆ ಬೆಳಿಗ್ಗೆ ಕೂಸಿನ ಮೈಯನ್ನು ಮುಟ್ಟಿ ನೋಡುವವರು ಅವರಲ್ಲದೆ ಬೇರೆ ಯಾರಿದ್ದಾರೆ? ಕತ್ತು ಒಂದೇ ಕಡೆಗಿದೆ, ಮೈ ಹಳದಿಯಾಗುತ್ತಿದೆ, ತೂಕ ಕೈಗೆ ಹಗುರವಾಗುತ್ತಿದೆ ಎಂಬುದು ಮೊದಲು ತಿಳಿಯುವುದು ಆ ಕೈಗಳಿಗೆ. ಅಂಗನವಾಡಿಯಲ್ಲಿ ಒಂದು ಮಧ್ಯಾಹ್ನ ಕರೆದು, ಮೂಗಿಗೆ ಎಣ್ಣೆ ಬೇಡ, ಎದೆ ಹಿಂಡಬೇಡ, ತಲೆಕೆಳಗಾಗಿ ತೂಗಬೇಡ, ಕಂಡದ್ದನ್ನು ಆಶಾ ಕಾರ್ಯಕರ್ತೆಗೆ ಹೇಳು ಎಂದು ಒಂದು ಲೋಟ ಚಹಾ ಕೊಟ್ಟು ಹೇಳಿದರೆ ಕೇಳದವರು ಅವರಲ್ಲ.

ಇದನ್ನು ಬರೆಯುವ ಹೊತ್ತಿಗೆ ಇಚಲಕರಂಜಿಯಿಂದ ಮತ್ತೊಮ್ಮೆ ಫೋನು ಬಂತು. ಕೂಸಿಗೆ ಎರಡ್ಹೊತ್ತೂ ಎರೆಯುವುದು ನಡೆದಿದೆ, ವೃದ್ಧೆ ಈಗ ಮೂಗು ಹಿಂಡುವುದನ್ನು ಬಿಟ್ಟಿದ್ದಾಳೆ, ನೆತ್ತಿಗೆ ಎಣ್ಣೆ ಒತ್ತುವುದನ್ನು ಮಾತ್ರ ಬಿಡಲೊಲ್ಲಳು ಎಂದರು. ತಾಯಿಯನ್ನು ಮಾತಾಡಿಸಬೇಕೆಂದೆವು. ಕೂಸು ಹಾಲು ಕುಡಿಯುತ್ತಿದೆ, ಆಮೇಲೆ ಮಾಡಿರಿ ಎಂದು ಅಜ್ಜಿ ಫೋನಿಟ್ಟರು.